ಮೇ ಇಪ್ಪತ್ತೆರಡಕ್ಕೆ ಸಾಯುವವನು

ಏಪ್ರಿಲ್ 2

ಗಂಡ ನಝರೇನೊನನ್ನು ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಮತ್ತೆ ಹಾಸಿಗೆಗೆ ಹಾಕುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಯಿತು. ಹಂದಿ ಮಾಂಸದ ಅಂಗಡಿ ಇಟ್ಟಿದ್ದವನು, ಜೀವನವಿಡೀ ತಿಂದಿದ್ದನ್ನೆಲ್ಲ ಮೈಮೇಲೆ ಜೋಪಾನವಾಗಿ ಇಟ್ಟುಕೊಂಡಿದ್ದಾನೆ. ಲಕ್ವ ಹೊಡೆದದ್ದು ಬಲಗಡೆಗೆ ಮಾತ್ರ. ಭಾರ ಎರಡೂ ಕಡೆ ಹಾಗೇ ಇದೆ.

ಮಾತೂ ಹೋಗಿದೆ. ಉಳಿದಿರುವುದು ಒಂದೇ ಪದ, "ಹಂದಿ". ನೀರು ಬೇಕಾದರೂ ಹಂದಿ, ಕಿಟಕಿ ಮುಚ್ಚಬೇಕಾದರೂ ಹಂದಿ, ತೆರ್ನಿಯಿಂದ ಮಗಳು ಫೋನ್ ಮಾಡಿದರೂ ಹಂದಿ. ಬೈಗುಳ ಮಿದುಳಿನ ಬೇರೆ ಮೂಲೆಯಲ್ಲಿರುತ್ತದಂತೆ, ಸುಲಭಕ್ಕೆ ಅಳಿಸುವುದಿಲ್ಲವಂತೆ. ಡಾಕ್ಟರು ಹೇಳಿದ್ದು. ಅಂತೂ ಇವನು ಅಷ್ಟು ವರ್ಷ ಬೈದದ್ದು ವ್ಯರ್ಥವಾಗಲಿಲ್ಲ.

ಸಂಜೆ ಎದುರುಮನೆಯ ಲೊರೆತಾ ಬಾಗಿಲು ತಟ್ಟಿದಳು.

"ಎತ್ತೋಕೆ ನಾನೂ ಒಂದು ಕೈ ಹಾಕ್ಲಾ?"

"ಬೇಡಿ. ನಾನೇ ನೋಡ್ಕೋತೀನಿ" ಅಂದೆ. ಚಿಲಕ ಹಾಕಿದೆ.

ನನ್ನ ಗಂಡನಿಗಾಗಿ ಅವಳು ಇದುವರೆಗೆ ಅತ್ತದ್ದು ಸಾಕು. ಬೆಟ್ಟದಾಚೆಯ ಕಾಶಾದವರಿಗೆ ಸಂತ ರೀತಾಳ ಬಸಿಲಿಕಾ, ಅಂದರೆ ದೊಡ್ಡ ಚರ್ಚು ಇದೆ, ಅವಳ ದೇಹ ಇದೆ, ಬಸ್ಸುಗಟ್ಟಲೆ ಯಾತ್ರಿಕರು ಬರುತ್ತಾರೆ. ಬೆಟ್ಟದ ಈಚೆಗಿರುವ ನಮ್ಮ ಪಾಲಿಗೆ ಬಂದದ್ದು ಅವಳ ಸತ್ತ ಗಂಡ. ಮೇ ಇಪ್ಪತ್ತೆರಡರ ಅವಳ ಹಬ್ಬದ ಮೆರವಣಿಗೆಯಲ್ಲಿ ಡೋಲು, ಬಾವುಟ, ಕಬ್ಬಿಣದ ಟೋಪಿ ಹಾಕಿದ ಸೈನಿಕರು ಎಲ್ಲ ಇದ್ದರೂ ಜನ ಕಾಯುವುದು ಶತ್ರುಗಳು ಇರಿದು ಕೊಂದ ಆ ಗಂಡ ಪಾವ್ಲೊನ ಚಟ್ಟಕ್ಕೆ. ಆ ಚಟ್ಟದ ಮೇಲೆ ಪಾವ್ಲೊನ ವೇಷದಲ್ಲಿ ಇಪ್ಪತ್ತು ವರ್ಷ ಮಲಗಿದವನು ನನ್ನ ಗಂಡ. ಇವನಷ್ಟು ಚೆನ್ನಾಗಿ ಸತ್ತವರು ಈ ಊರಲ್ಲಿ ಇನ್ನೊಬ್ಬರಿಲ್ಲ, ಮೂಗಿನ ಮೇಲೆ ಜೇನುನೊಣ ಕೂತರೂ ಅಲುಗಾಡುತ್ತಿರಲಿಲ್ಲ. ಅಷ್ಟೂ ವರ್ಷ ವಿಧವೆ ರೀತಾಳ ಕರಿಬಟ್ಟೆಯಲ್ಲಿ ಚಟ್ಟದ ಹಿಂದೆ, ಮುಸುಕಿನೊಳಗೆ ಹೆಗಲು ಕುಲುಕಿಸಿ ಬಿಕ್ಕಿಬಿಕ್ಕಿ ಅತ್ತವಳು ಲೊರೆತಾ. ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಔಷಧಿ ಅಂಗಡಿ ಮೂಲೆಯಲ್ಲಿ ನಿಂತು ನೋಡುತ್ತಿದ್ದೆ.

ಅಷ್ಟು ಅಳು ಸುಮ್ಮಸುಮ್ಮನೆ ಬರುತ್ತದೆಯೇ?

ಏಪ್ರಿಲ್ 9

ಮೆರವಣಿಗೆ ಸಮಿತಿಯ ಅಧ್ಯಕ್ಷ ಸೆತ್ತಿಮಿಯೊ ಬಂದಿದ್ದ. ಟೋಪಿ ಕೈಯಲ್ಲಿ ಹಿಡಿದು ಸಾವಿನ ಮನೆಗೆ ಬಂದವನ ಹಾಗೆ ನಿಂತ.

"ಅಂಗಿ ತಗೊಂಡು ಹೋಗೋಣ ಅಂತ ಬಂದೆ, ಎರ್ಸಿಲಿಯಾ. ಈ ಸಲ ಪ್ಲಂಬರ್ ಇವಾನೊ ಸಾಯ್ತಾನೆ."

ಪಾವ್ಲೊನ ಬೂದು ಅಂಗಿ ನಮ್ಮ ಮನೆಯಲ್ಲೇ ಇರುವುದು. ಪ್ರತಿವರ್ಷ ಒಗೆದು, ರಕ್ತದ ಕಲೆಗೆ ಬೀಟ್‌ರೂಟ್ ಹಚ್ಚುವವಳು ನಾನು. ಪೆಟ್ಟಿಗೆಯಿಂದ ತೆಗೆದು ಕೊಡುವಾಗ ನಝರೇನೊನ ಕುರ್ಚಿ ದಾಟಬೇಕಿತ್ತು. ಇವನ ಎಡಗೈ ಬಂತು, ಅಂಗಿಯ ತೋಳು ಹಿಡಿಯಿತು. ಸೆತ್ತಿಮಿಯೊ ಇನ್ನೊಂದು ತೋಳು ಎಳೆದ.

"ಬಿಡೋ ನಝರೇನೊ, ಹರಿದುಹೋಗತ್ತೆ."

"ಹಂದಿ" ಅಂದ ಇವನು. ಈ ಸಲ ಅದು ಬೈಗುಳವೇ.

ಹೊಲಿಗೆ ಪರ್ ಅಂದದ್ದೇ ಸೆತ್ತಿಮಿಯೊ ಕೈಬಿಟ್ಟ. ಇನ್ನೊಂದು ದಿನ ಬರುತ್ತೇನೆ ಅಂದು ಹೋದ. ಇವನು ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಊಟ ಮಾಡಿದ. ಅದರ ಮೇಲೆಲ್ಲ ಸಾರು ಚೆಲ್ಲಿದ.

ಏಪ್ರಿಲ್ 10

ಸುಸ್ತು. ಬರೆಯುವುದಕ್ಕೇನೂ ಇಲ್ಲ. ಒಗೆದೆ.

ಏಪ್ರಿಲ್ 17

ನಾನು ಒಲೆ ಮುಂದಿದ್ದಾಗ ಧಪ್ ಅಂತ ಸದ್ದಾಯಿತು. ಹಾಸಿಗೆಯಿಂದ ಜಾರಿ ಮಂಚಕ್ಕೂ ಗೋಡೆಗೂ ನಡುವೆ ಸಿಕ್ಕಿಕೊಂಡಿದ್ದಾನೆ. ಕಂಕುಳಿಗೆ ಕೈ ಹಾಕಿ ಎಳೆದೆ. ಸೊಂಟ ಹಿಡಿದು ಎಳೆದೆ. ಆಮೇಲೆ ಅವನ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಇವನು ಸೂರು ನೋಡುತ್ತಿದ್ದ, ನಾನು ಇವನನ್ನು ನೋಡುತ್ತಿದ್ದೆ. ಸಂತ ರೀತಾ ಅಸಾಧ್ಯವಾದದ್ದನ್ನೆಲ್ಲ ನಡೆಸಿಕೊಡುವವಳಂತೆ. ಈ ಮನುಷ್ಯನನ್ನು ಮಂಚಕ್ಕೆ ಏರಿಸು ನೋಡೋಣ, ತಾಯಿ, ಅಂದುಕೊಂಡೆ.

ಕೊನೆಗೆ ಕಿಟಕಿ ತೆಗೆದು ಕೂಗಿದೆ. ಬೀದಿಯಲ್ಲಿ ಬೇರೆ ಯಾರೂ ಇರಲಿಲ್ಲ. ಎದುರುಮನೆಯವಳು ಮನೆಚಪ್ಪಲಿಯಲ್ಲೇ ಓಡಿಬಂದಳು. ಏನೂ ಕೇಳಲಿಲ್ಲ. ಇವನ ಎಡಗಡೆ ಮಂಡಿಯೂರಿದಳು.

"ನೀವು ಬಲಗಡೆ ಬನ್ನಿ. ಮಂಡಿ ಬಗ್ಗಿಸಿ, ಸೊಂಟ ಬಗ್ಗಿಸ್ಬೇಡಿ. ಕೈ ಒಳಗಿಂದ ಹಾಕಿ. ನಮ್ಮತ್ತೇನ ಹೀಗೇ ಎತ್ತುತಿದ್ದೆ. ಹೂಂ, ಒಂದು, ಎರಡು."

ಎರಡು ಅನ್ನುವಷ್ಟರಲ್ಲಿ ಇವನು ಮಂಚದ ಮೇಲಿದ್ದ. ಹತ್ತಿ ಮೂಟೆ ಎತ್ತಿದಷ್ಟು ಸಲೀಸು. ನನಗೆ ಸಿಟ್ಟು ಬಂತು. ಕಾಫಿ ಕೊಡದೆ ಕಳಿಸುವಂತಿರಲಿಲ್ಲ, ಕೊಟ್ಟೆ.

ಏಪ್ರಿಲ್ 20

ಬೆಳಿಗ್ಗೆ ಬೆಳಿಗ್ಗೆ ಬರುತ್ತಾಳೆ, ಕರೆಯದೆ. ಒಂದು, ಎರಡು, ಇವನು ಕುರ್ಚಿಯಲ್ಲಿ. ಸಂಜೆ ಮತ್ತೆ. ನನ್ನ ಕಾಫಿ ನೀರಾಗಿದೆ ಅಂತ ಮುಖ ಸಿಂಡರಿಸಿದಳು. ನಾಳೆ ಇವಳಿಗೆ ಕುದಿಸಿ ಕುದಿಸಿ ಕಷಾಯ ಮಾಡಿಕೊಡುತ್ತೇನೆ.

ಸೊಂಟ ನೋವು ಸ್ವಲ್ಪ ವಾಸಿ.

ಏಪ್ರಿಲ್ 26

ಇವತ್ತು ಇವನು ನನ್ನ ಜೀವ ತೆಗೆದ.

ಬಟ್ಟೆ ಒಣಹಾಕಿ ಒಳಗೆ ಬಂದರೆ, ಮಂಚದ ಮೇಲೆ ನೇರಕ್ಕೆ ಮಲಗಿದ್ದಾನೆ. ಸತ್ತು ಬಿದ್ದಿರುವ ಬಲಗೈಯನ್ನು ಎಡಗೈಯಿಂದ ಎತ್ತಿ ಎದೆಯ ಮೇಲಿಟ್ಟುಕೊಂಡಿದ್ದಾನೆ. ಕಣ್ಣು ಮುಚ್ಚಿದೆ, ಬಾಯಿ ಒಂಚೂರು ತೆರೆದಿದೆ. ಉಸಿರೇ ಇಲ್ಲ. ನಾನು ಬುಟ್ಟಿ ಕೈಬಿಟ್ಟು ಕೂಗಿಕೊಂಡೆ. ಲೊರೆತಾ ಓಡಿಬಂದಳು, ಬಾಗಿಲಲ್ಲೇ ನಿಂತು ಸೊಂಟಕ್ಕೆ ಕೈ ಕೊಟ್ಟಳು.

"ಎಡಗಾಲಿನ ಹೆಬ್ಬೆರಳು ನೋಡಿ, ಚಟ್ಟದ ಮೇಲೆ ಇಡೋ ಹಾಗೇ ನೆಟ್ಟಗೆ ಮೇಲಕ್ಕಿಟ್ಟಿದ್ದಾನೆ. ಪಾವ್ಲೊ ಇದು. ನಿಜವಾಗಿ ಸತ್ತವರು ಇಷ್ಟು ಚೆನ್ನಾಗಿ ಸಾಯಲ್ಲ."

ಇವನು ಒಂದು ಕಣ್ಣು ತೆರೆದ. "ಹಂದಿ" ಅಂದ, ಬಹಳ ವಿನಯದಿಂದ.

ಅಲ್ಲಿಗೆ ನನಗೆ ಅರ್ಥವಾಯಿತು. ಅಂಗಿ ಯಾಕೆ ಬಿಡಲಿಲ್ಲ, ಚೌಕದಲ್ಲಿ ಡೋಲು ಅಭ್ಯಾಸ ಶುರುವಾದಾಗಲೆಲ್ಲ ಕುರ್ಚಿಯ ಕೈ ಯಾಕೆ ಬಡಿಯುತ್ತಾನೆ, ಎಲ್ಲ. ಇವನಿಗೆ ಈ ವರ್ಷವೂ ಸಾಯಬೇಕು.

"ಆಗಲ್ಲ" ಅಂದೆ. "ಮಲಗ್ತೀಯ ಸರಿ, ಮಲಗಿಯೇ ಇದ್ದೀಯಲ್ಲ. ಏಳೋದು ಹೇಗೆ?"

ಅದೇ ಸಮಸ್ಯೆ. ನಮ್ಮ ಊರಲ್ಲಿ ಪಾವ್ಲೊ ಸತ್ತೇ ಉಳಿಯುವುದಿಲ್ಲ. ಚಟ್ಟ ಚೌಕಕ್ಕೆ ಬರುತ್ತದೆ, ವಿಧವೆ ರೀತಾ ಕೊಲೆಗಾರನ ತಾಯಿಯ ಕೆನ್ನೆಗೆ ಮುತ್ತಿಟ್ಟು ಕ್ಷಮಿಸುತ್ತಾಳೆ, ಘಂಟೆ ಹೊಡೆಯುತ್ತದೆ. ಅದು ನಿಲ್ಲುವುದರೊಳಗೆ ಸತ್ತವನು ಎದ್ದು ಕೂತು ಒಂದು ಲೋಟ ವೈನ್ ಕುಡಿಯಬೇಕು. ಕೂರದಿದ್ದರೆ ಊರಿಗೆ ಕೇಡು. ಇವನಿಗಿಂತ ಮುಂಚೆ ಒಂದು ವರ್ಷ ಬೇಕರಿಯವನು ಮೊದಲೇ ಕುಡಿದು ಚಟ್ಟದ ಮೇಲೆ ನಿದ್ದೆಹೋಗಿದ್ದ. ಆ ಚಳಿಗಾಲ ಊರಿನ ಹಳೇ ತಲೆಗಳು ಸಾಲಾಗಿ ಉರುಳಿದವು. ನ್ಯುಮೋನಿಯಾ ಅಂದರು ಡಾಕ್ಟರು. ಊರು ಒಪ್ಪಲಿಲ್ಲ. ಬೇಕರಿಯವನು ಪೆರೂಜಾಕ್ಕೆ ಮನೆ ಬದಲಾಯಿಸಿದ.

ಇವನು ಏಳದೆ ಬಿದ್ದಿರುವುದನ್ನು ಇಡೀ ಚೌಕ ನೋಡಬೇಕೇ? ಅಯ್ಯೋ ಪಾಪ ಅನ್ನಬೇಕೇ? ಆಮೇಲೆ ಯಾರ ಅಜ್ಜಿ ಸತ್ತರೂ ನಮ್ಮ ಬಾಗಿಲ ಕಡೆ ನೋಡಬೇಕೇ? ಆಗಲ್ಲ ಅಂದರೆ ಆಗಲ್ಲ.

ಮೇ 1

ಲೊರೆತಾ ಹಸಿ ಅವರೆ ತಂದಳು, ನನ್ನ ಹತ್ತಿರ ಕುರಿ ಹಾಲಿನ ಚೀಸ್ ಇತ್ತು. ಇವತ್ತು ಎರಡನ್ನೂ ಜೊತೆಗೆ ತಿನ್ನುವುದು ನಮ್ಮಲ್ಲಿ ರೂಢಿ. ಮೇ ಒಂದನೇ ತಾರೀಖು ಒಬ್ಬಳೇ ಕೂತು ಅವರೆ ಸುಲಿಯುವುದು ಬೇಡವೆಂದು ಕೂರಿಸಿಕೊಂಡೆ. ಇವನು ಕುರ್ಚಿಯಲ್ಲೇ ತೂಕಡಿಸುತ್ತಿದ್ದ. ಬಾಯಿತಪ್ಪಿ ಕೇಳಿಬಿಟ್ಟೆ.

"ನೀವು ಅಷ್ಟೊಂದು ಚೆನ್ನಾಗಿ ಹೇಗೆ ಅಳ್ತಿದ್ರಿ?"

"ಯಾರು? ನಾನಾ?" ಸಿಪ್ಪೆ ಬುಟ್ಟಿಗೆ ಹಾಕಿದಳು. "ಎರ್ಸಿಲಿಯಾ, ನಾನು ಒಂದು ವರ್ಷಾನೂ ಅತ್ತಿಲ್ಲ."

"ಇಡೀ ಊರು ನೋಡಿದೆ."

"ಊರು ನೋಡಿದ್ದು ನನ್ನ ಹೆಗಲು. ನಗು ತಡ್ಕೊಳ್ತಿದ್ದೆ ಕಣ್ರೀ. ಈ ಮಹಾರಾಯ ಚಟ್ಟದ ಮೇಲೆ ಮಲಗಿ, ತುಟಿ ಅಲ್ಲಾಡಿಸದೆ, ದಾರಿಯುದ್ದಕ್ಕೂ ಒಂದೇ ಪ್ರಶ್ನೆ. ನಮ್ಮವಳು ಎಲ್ಲಿದ್ದಾಳೆ? ಮುಖ ಹೇಗಿಟ್ಕೊಂಡಿದ್ದಾಳೆ? ಔಷಧಿ ಅಂಗಡಿ ಮೂಲೇಲಿದ್ದಾಳೆ, ಹುಳಿ ದ್ರಾಕ್ಷಿ ತಿಂದೋರ ಹಾಗಿದ್ದಾಳೆ ಅಂತ ನಾನು ಹೇಳ್ಬೇಕು. ಅಯ್ಯೋ, ಹಾಗಾದ್ರೆ ಇವತ್ತು ಊಟ ಇಲ್ಲ ಅಂತಿದ್ದ. ಹೆಣದ ಬಾಯಲ್ಲಿ ಇಂಥ ಮಾತು ಕೇಳಿದ್ರೆ ನೀವೇ ಹೇಳಿ, ನಗು ಬರಲ್ವಾ?"

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀವು ಬಾಗಿಲು ತೆಗೆದ್ರೆ ತಾನೇ ಹೇಳೋದು?"

ಇವನು ನಿದ್ದೆಯಲ್ಲಿರಲಿಲ್ಲ. ಕಿವಿ ಕೆಂಪಾಗಿದ್ದನ್ನು ನಾನು ನೋಡಿದೆ.

ಮೇ 4

ಇಬ್ಬರ ಮೇಲೂ ಸಿಟ್ಟು. ಅವಳ ಮೇಲಿನದು ಬೇಗ ಇಳಿಯಿತು, ಇವನ ಮೇಲಿನದು ಇಳಿಯಲೇ ಇಲ್ಲ. ಅಷ್ಟು ವರ್ಷ ಒಂದೇ ಮೇಜಿನಲ್ಲಿ ಉಂಡೆವು. ಒಂದು ದಿನ ತಲೆಯೆತ್ತಿ, ಎರ್ಸಿಲಿಯಾ, ಯಾಕೆ ಮುಖ ಹೀಗಿದೆ ಅಂತ ಕೇಳಿದವನಲ್ಲ. ಕೇಳಿದ್ದು ಕಣ್ಣು ಮುಚ್ಚಿಕೊಂಡು, ಸತ್ತು, ಇನ್ನೊಬ್ಬಳ ಹತ್ತಿರ. ಈಗ ಕೇಳೋಣವೆಂದರೆ ಬಾಯಲ್ಲಿ ಹಂದಿ ಬಿಟ್ಟು ಇನ್ನೇನೂ ಇಲ್ಲ.

ಇವತ್ತು ಬೇಳೆ ಸಾರಿಗೆ ಉಪ್ಪು ಹಾಕಲಿಲ್ಲ. ಬೇಕೆಂದೇ. ಇವನು ಪೂರ್ತಿ ಕುಡಿದ.

ಮೇ 8

ಸೆತ್ತಿಮಿಯೊ ಮತ್ತೆ ಬಂದ. ಅಭ್ಯಾಸದಲ್ಲಿ ಇವಾನೊ ಮೂರು ಸಲ ಸೀನಿದನಂತೆ, ಒಂದು ಸಲ ಫೋನ್ ತೆಗೆದು ಯಾರಿಗೋ ಕೊಳಾಯಿಯ ವಾಷರ್ ಬಗ್ಗೆ ಹೇಳಿದನಂತೆ. "ಅಂಥ ಹೆಣದ ಹಿಂದೆ ನಾನು ನಡೆಯಲ್ಲ" ಅಂತ ಲೊರೆತಾ ಕರಿಬಟ್ಟೆ ವಾಪಸ್ಸು ಕೊಟ್ಟಿದ್ದಾಳೆ. ವಾಪಸ್ಸು ಕೊಟ್ಟದ್ದು ಸಮಿತಿಗಲ್ಲ. ಸೆತ್ತಿಮಿಯೊನ ಎದುರಿಗೇ ನನ್ನ ಅಡುಗೆಮನೆ ಮೇಜಿನ ಮೇಲಿಟ್ಟಳು.

"ಈ ಸಲಾನೂ ಇವನೇ ಮಲಗ್ಲಿ, ಇದನ್ನ ನೀವು ಹಾಕ್ಕೊಳ್ಳಿ. ನಾನು ಕೊಲೆಗಾರನ ತಾಯಿ ಆಗ್ತೀನಿ. ನನ್ನ ಮುಖಕ್ಕೆ ಅದೇ ಸರಿ."

"ಗಂಡ ಬದುಕಿರೋವಾಗ ಕರಿಬಟ್ಟೇನಾ?" ಅಂದೆ.

"ನಾನು ಮೊದಲನೇ ಸಲ ಹಾಕ್ಕೊಂಡಾಗ ನನ್ನೋನೂ ಬದುಕಿದ್ದ. ಅದು ಬಟ್ಟೆ ಅಷ್ಟೇ."

"ಏಳೋದು?" ಅಂದ ಸೆತ್ತಿಮಿಯೊ, ನೆಲ ನೋಡುತ್ತ. "ಎರ್ಸಿಲಿಯಾ, ನನಗೂ ಎಂಬತ್ತೆಂಟರ ತಾಯಿ ಇದ್ದಾಳೆ. ಇವನು ಏಳದಿದ್ರೆ ಊರು ನನ್ನ ಸುಮ್ಮನೆ ಬಿಡತ್ತಾ?"

ಇವನು ನಮ್ಮ ಮೂವರನ್ನೂ ಒಬ್ಬೊಬ್ಬರಾಗಿ ನೋಡುತ್ತಿದ್ದ. ನಾಯಿ ಊಟದ ತಟ್ಟೆ ನೋಡುವ ಹಾಗೆ. ನಾನು ಬಟ್ಟೆ ಮೇಜಿನ ಮೇಲೇ ಬಿಟ್ಟು ಒಲೆಯ ಕಡೆ ತಿರುಗಿದೆ.

ಮೇ 9

ಬೇರೆ ಯಾರೂ ಓದದ ಪುಟವಾದ್ದರಿಂದ ಬರೆಯುತ್ತೇನೆ. ಇವನು ಹೋದರೆ ನಾನು ಒಂದಿಡೀ ದಿನ ಮಲಗಬಹುದು ಅಂತ ಎಷ್ಟೋ ಬೆಳಿಗ್ಗೆ ಅಂದುಕೊಂಡಿದ್ದೇನೆ. ಪಾತ್ರೆ ತೊಳೆಯುತ್ತ ಅಂದುಕೊಂಡಿದ್ದೇನೆ, ಪೂಜೆಯಲ್ಲಿ ಮಂಡಿಯೂರಿ ಅಂದುಕೊಂಡಿದ್ದೇನೆ. ಮನಸ್ಸಿನಲ್ಲಿ ಅಷ್ಟು ಸಲ ವಿಧವೆಯಾದವಳು ಈಗ ಒಂದು ಬಟ್ಟೆಗೆ ಹೆದರಿದರೆ ನಗೆಪಾಟಲು.

ಹಾಕಿ ನೋಡಿದೆ. ತೋಳು ಉದ್ದ. ಲೊರೆತಾಳ ತೋಳು ಕೋತಿಯ ಹಾಗೆ.

ಇವನು ನೋಡುತ್ತಿದ್ದ. ನಗುತ್ತಾನೋ ಅಂದುಕೊಂಡೆ, ನಗಲಿಲ್ಲ. ಎಡಗೈ ಎತ್ತಿ ಮುಸುಕಿನ ಅಂಚನ್ನು ಸರಿಮಾಡಿದ. ಸೆತ್ತಿಮಿಯೊನಿಗೆ ಫೋನ್ ಮಾಡಿ, ಇವನನ್ನು ಕೂರಿಸುವ ದಾರಿ ನೀನು ಹುಡುಕು, ಉಳಿದದ್ದು ನನಗಿರಲಿ ಅಂದೆ.

ಮೇ 15

ಸೆತ್ತಿಮಿಯೊ ದಾರಿ ಹುಡುಕಿದ್ದಾನೆ. ಇವನನ್ನು ಎದೆಯ ಹತ್ತಿರ ಬಟ್ಟೆಪಟ್ಟಿಯಿಂದ ಚಟ್ಟಕ್ಕೆ ಕಟ್ಟುವುದು, ಘಂಟೆ ಹೊಡೆದಾಗ ಹೊರುವ ನಾಲ್ವರು ತಲೆಯ ಕಡೆ ಎತ್ತಿ ಚಟ್ಟವನ್ನೇ ನೆಟ್ಟಗೆ ನಿಲ್ಲಿಸುವುದು. ಖಾಲಿ ಚಟ್ಟದಲ್ಲಿ ಚೆನ್ನಾಗಿ ಆಯಿತಂತೆ. ಖಾಲಿ ಚಟ್ಟದಲ್ಲಿ ಏನು ತಾನೇ ಆಗುವುದಿಲ್ಲ.

ಅಂಗಿ ಇವನ ಮೈಮೇಲೆ ಜೋತುಬಿದ್ದಿದೆ. ಇಷ್ಟು ಇಳಿದಿದ್ದಾನೆಂದು ಎತ್ತುವಾಗ ಗೊತ್ತೇ ಆಗಲಿಲ್ಲ. ಎರಡೂ ಕಡೆ ಒಳಗೆ ಹಿಡಿದು ಹೊಲಿದೆ. ಬೀಟ್‌ರೂಟ್ ಹಚ್ಚಲು ಹೋದರೆ ಕೈ ಹಿಡಿದು ಎರಡು ಬೆರಳು ಕೆಳಗೆ ಸರಿಸಿದ. ಅಲ್ಲಿ ಪಕ್ಕೆಲುಬು, ಚಾಕು ಹೋಗುವುದಿಲ್ಲ, ಇಲ್ಲಿ ಹೋಗುತ್ತದೆ ಅಂತ. ಕಸುಬು ಮರೆತಿಲ್ಲ.

"ಇಷ್ಟು ವರ್ಷ ತಪ್ಪು ಜಾಗದಲ್ಲಿ ಚುಚ್ಚಿಸ್ಕೊಂಡೆ ಅನ್ನು" ಅಂದಳು ಲೊರೆತಾ. ಮೂವರೂ ನಕ್ಕೆವು.

ಮೇ 20

ಮಳೆ. ಹಬ್ಬಕ್ಕೆ ಬೇಕಾದ ಗುಲಾಬಿ ಎಲ್ಲ ನೆನೆದು ಮುದ್ದೆಯಾಗಿವೆ. ಇವನಿಗೆ ಚೂರು ಕೆಮ್ಮು. ಬೇಡ ಅಂದುಬಿಡಲೇ ಅಂತ ಇಡೀ ದಿನ ಯೋಚಿಸಿದೆ. ಲೊರೆತಾ ಸೌತೆಗೆ ಉಪ್ಪು ಹಚ್ಚುತ್ತ, "ಈಗ ಬೇಡ ಅಂದ್ರೆ ಇವನು ನಿಜವಾಗ್ಲೂ ಸಾಯ್ತಾನೆ ಕಣೇ" ಅಂದಳು.

ಕೆಮ್ಮಿಗೆ ಬಿಸಿ ಹಾಲು ಜೇನು ಕೊಟ್ಟೆ.

ಮೇ 22

ಬೆಳಿಗ್ಗೆ ಬಿಸಿಲು. ಪೂಜೆ ಮುಗಿದು ಪಾದ್ರಿ ಗುಲಾಬಿಗಳಿಗೆ ಆಶೀರ್ವಾದ ಮಾಡುವಷ್ಟರಲ್ಲಿ ಡೋಲು ಶುರುವಾಯಿತು. ಚರ್ಚಿನ ಪಕ್ಕದ ಕೋಣೆಯಲ್ಲಿ ಇವನನ್ನು ಕುರ್ಚಿಯಿಂದ ಚಟ್ಟಕ್ಕೆ ನಾವಿಬ್ಬರೇ ಇಳಿಸಿದೆವು. ಸೆತ್ತಿಮಿಯೊ ಪಟ್ಟಿ ಕಟ್ಟಿದ. ಇವನು ಕಣ್ಣು ಮುಚ್ಚಿದ. ಮುಚ್ಚಿದ್ದೇ ತಡ, ಇವನು ನಟಿಸುತ್ತಿದ್ದಾನೆಂದು ನನಗೆ ನಾನೇ ಹೇಳಿಕೊಳ್ಳಬೇಕಾಯಿತು.

ಬೀದಿಗೆ ಬಂದೆವು. ಮುಂದೆ ಬಾವುಟದವರು, ಜೇನುಗೂಡಿನ ಬುಟ್ಟಿ ಹಿಡಿದು ಬಾಲ್ಯದ ರೀತಾ ಆದ ಹುಡುಗಿ, ಮದುಮಗಳು ರೀತಾ ಆದವಳು, ಈಟಿ ಹಿಡಿದವರು, ಆಮೇಲೆ ಚಟ್ಟ, ಅದರ ಹಿಂದೆ ನಾನು. ಜನ ಎರಡೂ ಕಡೆ. ಚಟ್ಟ ನೋಡಿದವರು ಒಬ್ಬರಿಗೊಬ್ಬರು ಮೊಣಕೈ ತಿವಿದರು, ನಝರೇನೊ, ನಝರೇನೊ ಅನ್ನುವುದು ಬೀದಿಯುದ್ದಕ್ಕೂ ಹೋಯಿತು. ಮುಸುಕಿನೊಳಗೆ ಬಿಸಿ. ಇಷ್ಟು ವರ್ಷ ಲೊರೆತಾ ಇದರೊಳಗೆ ಹೇಗಿದ್ದಳೋ.

ಬ್ಯಾಂಕಿನ ಇಳಿಜಾರಿನಲ್ಲಿ ಒಂದು ಸಣ್ಣ ದನಿ ಕೇಳಿತು. ಇವನ ತುಟಿ ಅಲ್ಲಾಡಿರಲಿಲ್ಲ.

"ಹಂದಿ?"

ನೀರು ಕೇಳುವ ಹಂದಿಯಲ್ಲ ಅದು, ಬೈಯುವ ಹಂದಿಯೂ ಅಲ್ಲ. ಕೊನೆಯಲ್ಲಿ ದನಿ ಮೇಲಕ್ಕೆ ಹೋಗಿತ್ತು. ಒಂದೆರಡು ಹೆಜ್ಜೆ ಇಟ್ಟ ಮೇಲೆ ಹೊಳೆಯಿತು. ಹಳೇ ಪ್ರಶ್ನೆ. ನಮ್ಮವಳು ಎಲ್ಲಿದ್ದಾಳೆ?

"ಇಲ್ಲೇ ಇದ್ದೀನಿ ಮಾರಾಯ" ಅಂದೆ. "ನಿನ್ನ ಹಿಂದೇನೆ."

ಆಮೇಲೆ ಮತ್ತೆ, "ಹಂದಿ?"

"ಮುಖಾನಾ? ಹುಳಿ ದ್ರಾಕ್ಷಿ ತಿಂದ ಹಾಗಿದೆ. ಇವತ್ತೂ ಊಟ ಇಲ್ಲ ನಿನಗೆ."

ಹೆಣದ ಹೊಟ್ಟೆ ಕುಲುಕಿತು. ಔಷಧಿ ಅಂಗಡಿ ಮೂಲೆ ಬಂತು. ನಾನು ನಿಲ್ಲುತ್ತಿದ್ದ ಜಾಗದಲ್ಲಿ ಯಾರೋ ಹೊರಗಿನವರು ಐಸ್‌ಕ್ರೀಮ್ ತಿನ್ನುತ್ತ ನಿಂತಿದ್ದರು. ನನ್ನ ಹೆಗಲು ಕುಲುಕಲು ಶುರುವಾಯಿತು, ನಿಲ್ಲಿಸಲು ಆಗಲಿಲ್ಲ. ಮೊದಲು ನಗುವೇ ಇತ್ತು. ಚೌಕ ಮುಟ್ಟುವಾಗ ಮುಸುಕು ಒದ್ದೆಯಾಗಿತ್ತು. ಲೊರೆತಾಳಿಗಿಂತ ಚೆನ್ನಾಗಿ ಅತ್ತಳು ಅಂತ ಯಾರೋ ಅಂದದ್ದು ಕೇಳಿಸಿತು.

ಚೌಕದಲ್ಲಿ ಕೊಲೆಗಾರನ ತಾಯಿ ಕಂದು ಶಾಲು ಹೊದ್ದು ನಿಂತಿದ್ದಳು. ಪಾದ್ರಿ ಕ್ಷಮೆಯ ಮಾತು ಓದಿದರು. ಮುಸುಕೆತ್ತಿ ಅವಳ ಕೆನ್ನೆಗೆ ಮುತ್ತಿಟ್ಟೆ. "ಮೂಗು ಒರೆಸ್ಕೊ" ಅಂದಳು ಮೆಲ್ಲಗೆ.

ಘಂಟೆ ಹೊಡೆಯಿತು. ನಾಲ್ವರು ತಲೆಯ ಕಡೆ ಎತ್ತಿದರು. ಚಟ್ಟ ಅರ್ಧ ಮೇಲೆ ಬಂತು, ಇವನು ಪಟ್ಟಿಯ ಕೆಳಗಿನಿಂದ ಜಾರತೊಡಗಿದ. ಪಟ್ಟಿ ಕುತ್ತಿಗೆಗೆ ಬಂತು. ಇಳಿಸಿ, ಇಳಿಸಿ ಅಂದ ಸೆತ್ತಿಮಿಯೊ. ದಡಕ್ಕನೆ ಇಳಿಸಿದರು. ಘಂಟೆ ಹೊಡೆಯುತ್ತಲೇ ಇತ್ತು. ಮುಂದಿನ ಸಾಲಿನಲ್ಲಿ ಸೆತ್ತಿಮಿಯೊನ ತಾಯಿ ಗಾಲಿಕುರ್ಚಿಯಲ್ಲಿ ಶಿಲುಬೆಯ ಗುರುತು ಹಾಕಿಕೊಂಡಳು. ಇವನು ಕಣ್ಣು ತೆರೆದಿದ್ದ. ನನ್ನನ್ನೇ ನೋಡುತ್ತಿದ್ದ. ಆ ಕಣ್ಣಲ್ಲಿ ಹೆದರಿಕೆ ಕಂಡದ್ದು ನಮ್ಮ ಮದುವೆಯಾದಮೇಲೆ ಅದೇ ಮೊದಲು.

ಪಟ್ಟಿ ಬಿಚ್ಚಿ ಎಸೆದೆ, ಬಲಗಡೆ ಮಂಡಿಯೂರಿದೆ. ತಲೆಯೆತ್ತಿ ನೋಡಿದರೆ ಎಡಗಡೆ ಲೊರೆತಾ ಆಗಲೇ ಮಂಡಿಯೂರಿದ್ದಳು, ಕೈ ಕಂಕುಳೊಳಗೆ ಹೋಗಿತ್ತು.

"ಒಂದು" ಅಂದೆ.

"ಎರಡು" ಅಂದಳು.

ಕೂತ. ನಮ್ಮಿಬ್ಬರ ಹೆಗಲ ಮೇಲೆ ಭಾರ ಹಾಕಿ, ನೆಟ್ಟಗೆ, ಚೌಕದ ನಡುವೆ ಕೂತ. ಘಂಟೆ ಆಮೇಲೂ ಒಂದೆರಡು ಸಲ ಹೊಡೆಯಿತು. ಸೆತ್ತಿಮಿಯೊ ವೈನ್ ತಂದ. ಎಡಗೈಯಲ್ಲಿ ಲೋಟ ಹಿಡಿದು ಕುಡಿದ, ಅರ್ಧ ಅಂಗಿಯ ಮೇಲೆ. ನನ್ನ ಹೆಸರು ಹೇಳುತ್ತಾನೆ, ಈಗ ಹೇಳುತ್ತಾನೆ ಅಂತ ನನಗೆ ಯಾಕೋ ಖಾತ್ರಿಯಾಗಿತ್ತು.

ಬಾಯಿ ಒರೆಸಿಕೊಂಡು ಇಡೀ ಊರಿಗೆ ಕೇಳುವ ಹಾಗೆ ಅಂದ.

"ಹಂದಿ."

ಚೌಕ ನಕ್ಕ ನಗುವಿಗೆ ಪಾರಿವಾಳಗಳೆಲ್ಲ ಎದ್ದುಹೋದವು.

ಮೇ 23

ಸೊಂಟ ಮತ್ತೆ ಹಿಡಿದುಕೊಂಡಿದೆ. ಕಲ್ಲುಹಾಸಿನ ಮೇಲೆ ಮಂಡಿಯೂರಿದ್ದಕ್ಕೆ ಮಂಡಿಯೂ ನೀಲಿಯಾಗಿದೆ. ಲೊರೆತಾ ತಟ್ಟುತ್ತಾಳೆಂದು ಕಾದೆ, ತಟ್ಟದೆ ಒಳಗೇ ಬಂದಿದ್ದಳು, ಕಾಫಿ ಅವಳೇ ಇಟ್ಟಿದ್ದಳು. ಗಟ್ಟಿ, ಕಹಿ.

ಕರಿಬಟ್ಟೆ ಒಗೆದು ಮಡಿಸಿ, "ತಗೊಂಡು ಹೋಗು" ಅಂದೆ.

"ನಿನ್ನ ಹತ್ರಾನೇ ಇರ್ಲಿ. ತೋಳು ಕತ್ತರಿಸಿ ಹಾಳುಮಾಡಿದ್ದೀಯ, ನನಗಿನ್ನು ಆಗಲ್ಲ."

ಪೆಟ್ಟಿಗೆಯಲ್ಲಿ ಬೂದು ಅಂಗಿಯ ಕೆಳಗೆ ಇಟ್ಟೆ. ಅಂಗಿಯಲ್ಲಿ ಈಗ ವೈನ್ ಕಲೆಯೂ ಇದೆ, ತೆಗೆಯಲಿಲ್ಲ. ಇವನು ಕುರ್ಚಿಯಿಂದ ನೋಡುತ್ತಿದ್ದ. ಸುಸ್ತಾಗಿದ್ದ, ಕಣ್ಣ ಸುತ್ತ ಕಪ್ಪಾಗಿತ್ತು. ಹತ್ತಿರ ಹೋಗಿ ಹೊದಿಕೆ ಎಳೆದು ಸರಿಮಾಡಿದೆ.

"ಮುಂದಿನ ವರ್ಷಾನೂ ಸಾಯ್ತೀಯೇನೋ?" ಅಂತ ಕೇಳಿದೆ.

"ಹಂದಿ" ಅಂದ.

ಹಾಗಾದರೆ ಅಲ್ಲಿಯವರೆಗೆ ಇರಬೇಕು ನೀನು, ಅಂದೆ.